ಬಂಡೆ ಮೇಲಿನ ಕರ್ಣಕುಂಡಲ

ಬಾಬಾಬುಡನ್‌ಗಿರಿ ಕಡೆ ಹೋಗುವವರು ನೀರು ಜಿನುಗುವ ಕರಿ ಬಂಡೆ ಕಂಡರೆ ಒಮ್ಮೆ ಗಾಡಿ ನಿಲ್ಲಿಸಿ. ಪಾಚಿಯ ಮೇಲೆ ಗುಂಪಾಗಿ ಅರಳಿದ ಗುಲಾಬಿ ಬಣ್ಣದ ಪುಟ್ಟ ಹೂಗಳು ಸಿಗಬಹುದು. ಅದು ಕರ್ಣಕುಂಡಲದ ಒಂದು ಜಾತಿ, ಇಂಪೇಷಿಯನ್ಸ್ ಅಕಾಲಿಸ್. ನಮ್ಮ ಅಂಗಳದ ಗೌರಿ ಹೂವಿನ ನೆಂಟ.

ಗುರುತು ಹಿಡಿಯೋದು ಸುಲಭ. ಗೌರಿ ಹೂವಿಗಿರುವಂಥ ದಪ್ಪ ಕಾಂಡ ಇದಕ್ಕಿಲ್ಲ. ಎಲೆಗಳೆಲ್ಲ ಬುಡದಿಂದಲೇ ಹೊರಡುತ್ತವೆ, ನಡುವಿನಿಂದ ತೆಳ್ಳಗಿನ ದಂಟು ಎದ್ದು ಹೂ ಬಿಡುತ್ತದೆ. ಹೂವನ್ನು ಪಕ್ಕದಿಂದ ನೋಡಿ. ಹಿಂದೆ ಉದ್ದಕ್ಕೆ ಬಾಗಿದ ಸಪೂರ ಕೊಂಬು ಕಾಣುತ್ತದೆ. ಮಕರಂದ ಇರೋದು ಅದರೊಳಗೇ.

ಮಳೆ ನಿಂತು ಬಂಡೆ ಒಣಗಿದರೆ ಎಲೆಯೂ ಒಣಗುತ್ತದೆ. ಪಾಚಿಯೊಳಗೆ ಸಣ್ಣ ಗೆಡ್ಡೆ ಮಾತ್ರ ಉಳಿದು ಮುಂದಿನ ಮುಂಗಾರಿಗೆ ಚಿಗುರುತ್ತದೆ. ಸುಮ್ನೆ ಪಾಚಿ ಕೆರೆದರೂ ಗೆಡ್ಡೆ ಹೋಯ್ತು, ಅಲ್ವಾ?

ಮುಳ್ಳಯ್ಯನಗಿರಿಯ 1,930 ಮೀಟರ್ ತುದಿ ಮುಟ್ಟುವ ಆತುರದಲ್ಲಿ ಹೆಚ್ಚಿನವರು ಈ ಬಂಡೆಗಳನ್ನು ದಾಟಿ ಹೋಗುತ್ತಾರೆ. ನನಗಂತೂ ಗಿರಿ ಅಂದರೆ ಮೊದಲು ಈ ಒದ್ದೆ ಬಂಡೆಗಳೇ. ದಯವಿಟ್ಟು ಅವುಗಳ ಮೇಲೆ ಹತ್ತಿ ಸೆಲ್ಫಿ ತೆಗೆಯಬೇಡಿ. ರಸ್ತೆಯಿಂದಲೇ ಚೆನ್ನಾಗಿ ಕಾಣುತ್ತವೆ.