62 ಪರ್ಸೆಂಟ್

"ಉಮ್ಮ, 62 ಇದೆಯಲ್ಲಾ!"

ಸೋಮವಾರ ಸಂಜೆ, ಮಗ್ರಿಬ್ ಬಾಂಗ್‌ಗೆ (ಸೂರ್ಯ ಮುಳುಗಿದ ಮೇಲಿನ ನಮಾಝಿನ ಕರೆಗೆ) ಸ್ವಲ್ಪ ಮುಂಚೆ. ಮಗ ಫೋನ್ ಕೊಡು ಅಂತ ಹಿಂದೆ ಬಿದ್ದಿದ್ದ. "ಚಾರ್ಜ್ ಖಾಲಿ ಮೋನೆ" ಅಂದುಬಿಟ್ಟೆ. ಅಷ್ಟರಲ್ಲಿ ಯಾರದೋ ಮೆಸೇಜ್ ಬಂದು ಫೋನ್ ಬೆಳಗಿತು. ಮೂಲೆಯಲ್ಲಿ 62. ಐದು ವರ್ಷದ ಪೋರನಿಗೆ ನೂರರವರೆಗೆ ಎಣಿಸೋಕೆ ಕಲಿಸಿದವಳು ನಾನೇ.

ಅವನು ಅಳಲಿಲ್ಲ. ಫೋನನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದ. ಅಷ್ಟೇ. ನಮಾಝಿಗೆ ನಿಂತರೂ ಅದೇ ನೋಟ ಕಣ್ಣ ಮುಂದೆ.

ನಮ್ಮ ಮನೆಯಲ್ಲಿ ಇಂಥವು ಬೇಕಾದಷ್ಟಿವೆ. ನೆಟ್ ಇಲ್ಲ. ಫೋನಿಗೆ ಜ್ವರ. ಅತ್ತೆಯದು ಇನ್ನೂ ಜೋರು: ಮಗ್ರಿಬ್ ಆದ ಮೇಲೆ ಫೋನ್ ನೋಡಿದ್ರೆ ಶೈತಾನ್ ಬರ್ತಾನೆ! ಕತ್ತಲಾಗುವಾಗ ಮಕ್ಕಳನ್ನು ಒಳಗೆ ಕರೆದುಕೊಳ್ಳಿ ಅಂತ ಹದೀಸ್ (ಪ್ರವಾದಿಯವರ ಮಾತು) ಇರೋದು ನಿಜ. ಫೋನನ್ನು ಸೇರಿಸಿದ್ದು ಅತ್ತೆಯೇ. ರಾತ್ರಿಯ ಇಶಾ ನಮಾಝಿನವರೆಗೆ ಅಡುಗೆ ವಿಡಿಯೋ ನೋಡೋದೂ ಅವರೇ.

ನನಗೆ ಚುಚ್ಚಿದ್ದು ಬೇರೊಂದು ಹದೀಸ್. ಒಬ್ಬ ತಾಯಿ "ಬಾ, ಒಂದು ಕೊಡ್ತೇನೆ" ಅಂತ ಮಗುವನ್ನು ಕರೆಯುತ್ತಾಳೆ. ಅಲ್ಲೇ ಕೂತಿದ್ದ ಪ್ರವಾದಿ (ಸ) ಏನು ಕೊಡಬೇಕಂತಿದ್ದೆ ಅಂತ ಕೇಳುತ್ತಾರೆ. ಖರ್ಜೂರ ಅನ್ನುತ್ತಾಳೆ. ಏನೂ ಕೊಡದಿದ್ದರೆ ನಿನ್ನ ಲೆಕ್ಕದಲ್ಲಿ ಒಂದು ಸುಳ್ಳು ಬರೆಯಲಾಗುತ್ತಿತ್ತು ಅನ್ನುತ್ತಾರೆ. ಅಬೂ ದಾವೂದ್‌ ಎಂಬ ಹದೀಸ್ ಸಂಗ್ರಹದಲ್ಲಿರುವುದು. ಹೋದ ವಾರವಷ್ಟೇ ಮಲಗಿಸುವಾಗ ಇವನಿಗೆ ಹೇಳಿದ್ದೆ. ಎಷ್ಟು ಖರ್ಜೂರ ಅಂತಲೂ ಕೇಳಿದ್ದ.

ದಿನಕ್ಕೆ ಎಷ್ಟು ನಿಮಿಷ, ಯಾವ ಕಾರ್ಟೂನ್ ಅಂತೆಲ್ಲ ಚೀಟಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ. ನನ್ನ ಬಾಯಿಗೆ ಮಾತ್ರ ಚೀಟಿ ಇಲ್ಲ. ನಾಳೆ ಹದಿನಾಲ್ಕರ ಹುಡುಗ ಬಾಗಿಲು ಹಾಕಿಕೊಂಡು ಫೋನ್ ಹಿಡಿದಾಗ ನಾನು ಇಣುಕೋಕಾಗುತ್ತಾ? ಅಲ್ಲಾಹ್ ನೋಡ್ತಿದ್ದಾನೆ ಅನ್ನೋದು ಅವನ ಎದೆಯಲ್ಲೇ ಇರಬೇಕು. ಅದನ್ನು ಹೇಳಿಕೊಡಬೇಕಾದವಳೇ 62 ಇಟ್ಟುಕೊಂಡು ಖಾಲಿ ಅಂದರೆ?

ನಿನ್ನೆ ಮತ್ತೆ ಕೇಳಿದ. "ಚಾರ್ಜ್ ಇದೆ. ಆದ್ರೆ ಈಗ ಕೊಡಲ್ಲ" ಅಂದೆ. ಇಪ್ಪತ್ತು ನಿಮಿಷ ಉರುಳಾಡಿ ಅತ್ತ. ಸುಮ್ನೆ ಒಂದು ಸುಳ್ಳು ಹೇಳಿದ್ರೆ ಮುಗೀತಿತ್ತು ಅಂತ ಅತ್ತೆ ಗೊಣಗಿದರು.

ರಾತ್ರಿ ದುಬೈಯಿಂದ ಇವರ ವಿಡಿಯೋ ಕಾಲ್ ಬಂತು. ಮಗ ಫೋನ್ ಕಸಿದುಕೊಂಡು ಮೊದಲು ಹೇಳಿದ್ದೇ ಇದು: "ಬಾಪಾ, ಉಮ್ಮನ ಹತ್ರ ಚಾರ್ಜ್ ಇದೆಯಂತೆ. ಆದ್ರೂ ಕೊಡಲ್ವಂತೆ!"