ಗಾಂಧಾರಿಗೆ ಬಗ್ಗದ ಕೋಳಿಗಳು

ಪೆರ್ಲದ ನಮ್ಮ ಮನೆಯ ಹಿತ್ತಿಲಲ್ಲಿ ಹಾಕಿದ್ದ ಬೆಂಡೆ ಸಾಲನ್ನು ನೆರೆಮನೆಯ ಕೋಳಿಗಳು ಮೂರನೆಯ ಬಾರಿ ಕೆದಕಿದ ದಿನ ನನ್ನ ತಾಳ್ಮೆ ತಪ್ಪಿತು. ಒಂದು ಹಿಡಿ ಗಾಂಧಾರಿ ಮೆಣಸು ಅರೆದು, ಅನ್ನಕ್ಕೆ ಕಲಸಿ, ಬಾಳೆಲೆಯಲ್ಲಿ ಇಟ್ಟು ಬಂದೆ. ಒಮ್ಮೆ ಬಾಯಿ ಸುಟ್ಟರೆ ಮತ್ತೆ ಇತ್ತ ಸುಳಿಯಲಾರವು ಎಂಬುದು ನನ್ನ ಲೆಕ್ಕ.

ಮೊದಲು ಬಂದದ್ದು ನಮ್ಮದೇ ನಾಯಿ. ಒಂದು ಸಲ ನೆಕ್ಕಿ, ಸೀನುತ್ತಾ ಓಡಿತು. ಆಮೇಲೆ ಬಂದ ಕೋಳಿಗಳು ಅಗುಳೂ ಬಿಡದೆ ಮುಗಿಸಿ ಎಲೆಯನ್ನೂ ಕುಕ್ಕಿ ನೋಡಿದವು.

ಸಂಜೆಗೆ ನನ್ನ ಕೈ ಉರಿಯತೊಡಗಿತು. ತೊಳೆದಷ್ಟೂ ಉರಿ. ಬಚ್ಚಲಿನ ಹದವಾದ ಬಿಸಿನೀರು ಆ ಕೈಗೆ ಮಾತ್ರ ಕುದಿಯುವ ನೀರಿನಂತೆ ತಾಗಿ ಬೊಬ್ಬೆ ಹೊಡೆದೆ. ಅಮ್ಮ ನಗುತ್ತಲೇ ತೆಂಗಿನೆಣ್ಣೆ ಹಚ್ಚಿದರು.

ಪೆರಿಯದ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಓದುವ ಸೊಸೆ, ಅಕ್ಕನ ಮಗಳು, ರಜೆಗೆ ಬಂದಿದ್ದಳು. "ಅಜ್ಜಿಯ ಮದ್ದೇ ಸರಿ ಮಾವ, ಖಾರದ ಕ್ಯಾಪ್ಸೈಸಿನ್ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ" ಎಂದಳು. ನೋವು ತಿಳಿಸುವ ನರಕೋಶಗಳ ಪೊರೆಯಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನ್ ಬಾಗಿಲಿನಂತೆ ಕೂತಿರುತ್ತದೆಯಂತೆ. ಶಾಖ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತೆರೆದು ಕ್ಯಾಲ್ಸಿಯಂ ಅಯಾನುಗಳನ್ನು ಒಳಗೆ ಬಿಡುತ್ತದೆ; ಮಿದುಳಿಗೆ "ಸುಟ್ಟಿತು" ಎಂಬ ಸುದ್ದಿ ಹೋಗುತ್ತದೆ. ಕ್ಯಾಪ್ಸೈಸಿನ್ ಅಂಟಿಕೊಂಡರೆ ಅದೇ ಬಾಗಿಲು ಬೆಚ್ಚಗಿನ ನೀರಿಗೂ ತೆರೆದುಕೊಳ್ಳುತ್ತದೆ. ನನ್ನ ಬೊಬ್ಬೆಗೆ ಕಾರಣ ಸಿಕ್ಕಿತು. 1997ರಲ್ಲಿ ಇದರ ಜೀನ್ ಪತ್ತೆಹಚ್ಚಿದ ತಂಡದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು.

"ಹಾಗಾದರೆ ಕೋಳಿಗೆ ಆ ಬಾಗಿಲೇ ಇಲ್ಲವೇ?"

"ಇದೆ ಮಾವ. ಬಿಸಿ ತಾಗಿದರೆ ತೆರೆಯುತ್ತದೆ, ಆಮ್ಲಕ್ಕೂ ತೆರೆಯುತ್ತದೆ. ಖಾರ ಹಿಡಿದುಕೊಳ್ಳುವ ಜಾಗದಲ್ಲಿ ಮಾತ್ರ ಕೆಲವು ಅಮೈನೋ ಆಮ್ಲಗಳು ಬೇರೆ."

ಕೋಳಿಯ ನಾಲಗೆಗೆ ಜಡ್ಡುಗಟ್ಟಿದೆ ಎಂದುಕೊಂಡಿದ್ದ ನಾನು ಪೆಚ್ಚಾದೆ. ಬಿಸಿಯ ಕಾವಲು ನಾಯಿಗೂ ಕೋಳಿಗೂ ನನಗೂ ಒಂದೇ. ಖಾರದ ಕೊಂಡಿ ಮಾತ್ರ ನಾಯಿಗೂ ನನಗೂ. ಮೆಣಸಿಗೆ ಅದರಿಂದ ಲಾಭವೇ. ಇಲಿಯಂಥವು ಬೀಜವನ್ನು ಹಲ್ಲಿನಲ್ಲಿ ಅರೆದುಬಿಡುತ್ತವೆ, ಸಣ್ಣ ಹಕ್ಕಿಗಳು ಇಡಿಯಾಗಿ ನುಂಗಿ ದೂರ ಹಿಕ್ಕೆ ಹಾಕುತ್ತವೆ. ನಮ್ಮ ಅಡಿಕೆ ತೋಟದ ಗಾಂಧಾರಿ ಗಿಡಗಳನ್ನು ಯಾರೂ ನೆಟ್ಟದ್ದಲ್ಲ. ಪಿಕಳಾರಗಳು ಕೂರುವ ಕಡೆಯೇ ಅವು ಹುಟ್ಟಿವೆ. (ಹೆಸರು ಗಾಂಧಾರಿಯದಾದರೂ ಮೆಣಸಿನ ತವರು ಅಮೆರಿಕ ಖಂಡ.)

ಬೆಂಡೆ ಸಾಲಿಗೆ ಈಗ ಹಳೆಯ ಮೀನುಬಲೆ ಕಟ್ಟಿದ್ದೇನೆ. ಕೋಳಿಗಳು ಗಾಂಧಾರಿ ಗಿಡದ ಬುಡಕ್ಕೆ ಹೋಗಿ, ಕತ್ತೆತ್ತಿ ಹಣ್ಣು ಕೀಳುತ್ತಿವೆ.