ಹಿಮಾಲಯದಲ್ಲಿ ಸೂರ್ಯೋದಯ ನೋಡಲು ಎಷ್ಟು ಫಿಟ್ ಆಗಿರಬೇಕು?

ಹಿಮಾಲಯದ ಫೋಟೊ ಹಾಕಿದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ‘ಬೆಳಗಿನ ಜಾವ ಹತ್ತಿ ಶಿಖರದ ಮೇಲಿಂದ ಸೂರ್ಯೋದಯ ನೋಡಬೇಕು ಅಂತ ಆಸೆ. ಅದಕ್ಕೆ ಎಷ್ಟು ಫಿಟ್ ಆಗಿರಬೇಕು? ದಿನಕ್ಕೆ ಎಷ್ಟು ಕಿಲೋಮೀಟರ್ ಓಡಬೇಕು?’ ಕೇಳುವವರಲ್ಲಿ ಕಾಲೇಜು ಹುಡುಗರೂ ಇರುತ್ತಾರೆ, ಐವತ್ತು ದಾಟಿದವರೂ ಇರುತ್ತಾರೆ.

ನನ್ನ ಉತ್ತರ ಕೇಳಿ ಕೆಲವರಿಗೆ ನಿರಾಸೆಯಾಗುತ್ತದೆ. ಓಟದ ಲೆಕ್ಕ ಆಮೇಲೆ ಇರಲಿ. ಕತ್ತಲಲ್ಲಿ, ಅರೆನಿದ್ದೆಯಲ್ಲಿ, ಸೊನ್ನೆಗಿಂತ ಕೆಳಗಿಳಿದ ಚಳಿಯಲ್ಲಿ ಮೂರ್ನಾಲ್ಕು ಗಂಟೆ ನಿಧಾನವಾಗಿ ನಡೆಯಲು ತಯಾರಿದ್ದೀರಾ ಅಂತ ನಾನು ಕೇಳುತ್ತೇನೆ. ಹತ್ತುವ ದಾರಿ ಹಗಲಲ್ಲೂ ಅದೇ, ರಾತ್ರಿಯಲ್ಲೂ ಅದೇ. ಆದರೆ ಸೂರ್ಯೋದಯಕ್ಕೆ ಹೊರಟವರು ಅರ್ಧ ದಾರಿಯಿಂದ ವಾಪಸ್ ಬಂದರೆ, ಕಾಲು ಸೋತು ಬಂದವರು ಕಡಿಮೆ. ಚಳಿಗೆ, ತಲೆನೋವಿಗೆ, ನಿದ್ದೆಗೆಟ್ಟದ್ದಕ್ಕೆ, ಆರಿಹೋದ ಟಾರ್ಚಿಗೆ ಸೋತವರೇ ಜಾಸ್ತಿ.

ಮೊದಲು ಎಲ್ಲಿಗೆ ಅಂತ ತೀರ್ಮಾನ ಮಾಡಿ. ನೇಪಾಳದ ಪೂನ್ ಹಿಲ್ 3,210 ಮೀಟರ್. ಘೋಡೆಪಾನಿಯ ಲಾಡ್ಜಿನಿಂದ ಮೆಟ್ಟಿಲು ಹತ್ತಿದರೆ ಸುಮಾರು ಒಂದು ಗಂಟೆ. ಎದುರಿಗೆ ಧವಳಗಿರಿ ಮತ್ತು ಅನ್ನಪೂರ್ಣ ಸಾಲು. ಉತ್ತರಾಖಂಡದ ಕೇದಾರಕಂಠ ಸುಮಾರು 3,800 ಮೀಟರ್. ಸಾಂಕ್ರಿ ಹಳ್ಳಿಯಿಂದ ಶುರುವಾಗುವ ಈ ಚಾರಣದಲ್ಲಿ ಚಳಿಗಾಲವಿಡೀ ಹಿಮದ ಮೇಲೆಯೇ ನಡಿಗೆ. ಅದೇ ರಾಜ್ಯದ ಚಂದ್ರಶಿಲಾ 3,700 ಮೀಟರಿನ ಆಸುಪಾಸು. ಚೋಪ್ತಾದಿಂದ ತುಂಗನಾಥ ದೇವಸ್ಥಾನದವರೆಗೆ ಮೂರೂವರೆ ಕಿಲೋಮೀಟರ್ ಕಲ್ಲು ಹಾಸಿದ ದಾರಿ, ಅಲ್ಲಿಂದ ಮೇಲೆ ಒಂದೂವರೆ ಕಿಲೋಮೀಟರಿನಷ್ಟು ಕಡಿದಾದ ಏರು. ಎವರೆಸ್ಟ್ ದಾರಿಯ ಕಾಲಾಪತ್ಥರ್ 5,500 ಮೀಟರ್ ದಾಟುತ್ತದೆ. ಎಲ್ಲವನ್ನೂ ಜನ ‘ಸೂರ್ಯೋದಯದ ಟ್ರೆಕ್’ ಅಂತಲೇ ಕರೆಯುತ್ತಾರೆ. ಹಾಗಂತ ಪೂನ್ ಹಿಲ್‌ಗೆ ಸಾಕಾದ ತಯಾರಿ ಕಾಲಾಪತ್ಥರ್‌ಗೆ ಸಾಕಾಗುವುದಿಲ್ಲ.

ಕಾಲಾಪತ್ಥರ್ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಎವರೆಸ್ಟ್ ಅಲ್ಲಿಂದ ಪೂರ್ವದ ಕಡೆಗಿದೆ. ಅಂದರೆ ಸೂರ್ಯ ಶಿಖರದ ಹಿಂದಿನಿಂದ ಬರುತ್ತಾನೆ. ನಮ್ಮ ಕಡೆಯ ಮುಖ ನೆರಳಲ್ಲೇ ಇರುತ್ತದೆ. ಎವರೆಸ್ಟಿನ ಮೇಲೆ ಹೊನ್ನಿನ ಬಣ್ಣ ಬೀಳುವುದು ಸಂಜೆ. ಆ ಫೋಟೊಗಾಗಿ ರಾತ್ರಿ ಎರಡಕ್ಕೆ ಎದ್ದು ನಡುಗುವ ಬದಲು ಮಧ್ಯಾಹ್ನ ಹೊರಡಿ. ಇಳಿಯುವಾಗ ಟಾರ್ಚ್ ಬೇಕಾಗುತ್ತದೆ ಅಷ್ಟೆ.

ಇನ್ನು ಚಳಿ. ನಡುರಾತ್ರಿಯಲ್ಲಿ ಚಳಿ ಜಾಸ್ತಿ, ಬೆಳಗಾಗುತ್ತಾ ಕಡಿಮೆಯಾಗುತ್ತದೆ ಅಂತ ಬಹಳ ಜನ ನಂಬಿರುತ್ತಾರೆ. ನೆಲ ರಾತ್ರಿಯಿಡೀ ಬಿಸಿಯನ್ನು ಬಿಟ್ಟುಕೊಡುತ್ತಲೇ ಇರುತ್ತದೆ. ಬಿಸಿಲು ಬಿದ್ದು ಆ ನಷ್ಟ ತುಂಬುವವರೆಗೂ ತಣ್ಣಗಾಗುತ್ತಲೇ ಹೋಗುತ್ತದೆ. ಹಾಗಾಗಿ ದಿನದ ಅತಿ ಕಡಿಮೆ ಉಷ್ಣಾಂಶ ಸೂರ್ಯ ಹುಟ್ಟುವ ಹೊತ್ತಿನಲ್ಲೇ. ನೀವು ಶಿಖರ ಮುಟ್ಟುವುದು ಆಗಲೇ. ನಡಿಗೆ ನಿಲ್ಲಿಸಿ ಕೂರುವುದೂ ಆಗಲೇ. ಹತ್ತುವಾಗ ಬಂದ ಬೆವರು ಇನ್ನೂ ಮೈಮೇಲಿರುತ್ತದೆ, ತಡೆಯಲು ಮರವಿಲ್ಲ, ಗಾಳಿ ನೇರ ಮುಖಕ್ಕೆ. ಇದರ ಮೇಲೆ, ಪ್ರತಿ ಸಾವಿರ ಮೀಟರ್ ಏರಿಗೆ ಸರಾಸರಿ ಆರೂವರೆ ಡಿಗ್ರಿ ಉಷ್ಣಾಂಶ ಇಳಿಯುತ್ತದೆ ಅನ್ನುವ ಲೆಕ್ಕವನ್ನೂ ಸೇರಿಸಿ.

ಬಟ್ಟೆಯ ವಿಷಯದಲ್ಲಿ ನನ್ನದು ಒಂದೇ ಹಟ. ಮೈಗೆ ತಾಗುವ ಬಟ್ಟೆ ಹತ್ತಿಯದ್ದು ಬೇಡ. ಹತ್ತಿ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಕೂಡಲೇ ಮೈ ಕೊರೆಯುತ್ತದೆ. ಒಳಗೆ ಉಣ್ಣೆ ಅಥವಾ ಸಿಂಥೆಟಿಕ್ ಥರ್ಮಲ್, ಅದರ ಮೇಲೆ ಫ್ಲೀಸ್, ಹೊರಗೆ ಗಾಳಿ ತಡೆಯುವ ಜಾಕೆಟ್. ಹಕ್ಕಿಯ ಮೃದು ಪುಕ್ಕ ತುಂಬಿದ ದಪ್ಪನೆಯ ಡೌನ್ ಜಾಕೆಟ್ ಬ್ಯಾಗಿನಲ್ಲೇ ಇರಲಿ, ಅದು ಮೇಲೆ ಕೂತಾಗ ಹಾಕಿಕೊಳ್ಳಲು. ಹೊರಡುವಾಗ ಸ್ವಲ್ಪ ಚಳಿಯಾಗಲೇಬೇಕು. ಟೆಂಟಿನಿಂದ ಹೊರಬಂದಾಗಲೇ ಬೆಚ್ಚಗಿದ್ದರೆ ಹತ್ತೇ ನಿಮಿಷಕ್ಕೆ ಬೆವರುತ್ತೀರಿ, ಆ ಬೆವರೇ ಮೇಲೆ ಹೋದಾಗ ಶತ್ರು. ಕೈಗೆ ತೆಳುವಾದ ಒಂದು ಗವಸು, ಅದರ ಮೇಲೆ ದಪ್ಪದ್ದು. ಇಲ್ಲದಿದ್ದರೆ ಒಂದು ಫೋಟೊಗಾಗಿ ಬರಿಗೈ ಮಾಡಿಕೊಂಡವರು ಮತ್ತೆ ಬೆರಳಿಗೆ ಜೀವ ಬರಿಸಲು ಒದ್ದಾಡುತ್ತಾರೆ. ಚಳಿ ಅಂತ ಎರಡು ಜೊತೆ ಕಾಲುಚೀಲ ತುರುಕಿ ಬೂಟು ಬಿಗಿ ಮಾಡಬೇಡಿ. ರಕ್ತ ಓಡಾಡದಿದ್ದರೆ ಪಾದ ಇನ್ನೂ ತಣ್ಣಗಾಗುತ್ತದೆ.

ಫಿಟ್‌ನೆಸ್ ಪ್ರಶ್ನೆ ನಿಜವಾಗಿ ದಾರಿ ತಪ್ಪಿಸುವುದು ಎತ್ತರದ ವಿಷಯದಲ್ಲಿ. 4,000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 60 ಮಾತ್ರ. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನಗಳನ್ನು ಕೇಳುತ್ತದೆ. ನೀವು ಮ್ಯಾರಥಾನ್ ಓಡುವವರಾದರೂ ಅದಕ್ಕೆ ಬೇಕಾದ ಸಮಯ ಬೇಕೇ ಬೇಕು. ಗಟ್ಟಿಮುಟ್ಟಾದ ಹುಡುಗರು ಎಲ್ಲರಿಗಿಂತ ಮುಂದೆ ದಡದಡ ಹತ್ತಿ, ಸಂಜೆ ಕ್ಯಾಂಪಿನಲ್ಲಿ ತಲೆ ಹಿಡಿದುಕೊಂಡು ಕೂತಿರುವುದು ಹಿಮಾಲಯದಲ್ಲಿ ದಿನಾ ಕಾಣುವ ದೃಶ್ಯ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಬೇಕು. ವೈದ್ಯರು ಹೇಳುವ ಲೆಕ್ಕ ಇದು. ಎವರೆಸ್ಟ್ ದಾರಿಯಲ್ಲಿ ಜನ ಇದನ್ನು ಪಾಲಿಸುತ್ತಾರೆ. ಎಡವುವುದು ‘ಚಿಕ್ಕ’ ಚಾರಣಗಳಲ್ಲಿ. ಹೃಷಿಕೇಶದಿಂದ ಬೆಳಿಗ್ಗೆ ಕಾರು ಹತ್ತಿ, ಸಂಜೆ ಚೋಪ್ತಾದಲ್ಲಿ ಇಳಿದು, ಅದೇ ರಾತ್ರಿ ಮೂರಕ್ಕೆ ಚಂದ್ರಶಿಲಾ ಹತ್ತುವವರು ಎಷ್ಟೋ ಜನ. ಒಂದೇ ದಿನದೊಳಗೆ ಮೂರು ಸಾವಿರ ಮೀಟರಿಗಿಂತ ಜಾಸ್ತಿ ಏರಿದಂತಾಯಿತು! ಅದರ ಬದಲು ಸಾರಿ ಹಳ್ಳಿಗೆ ಹೋಗಿ, ಸುಮಾರು 2,400 ಮೀಟರಿನಲ್ಲಿರುವ ದೇವರಿಯಾ ತಾಲ್ ಕೆರೆಯನ್ನು ನೋಡಿಕೊಂಡು, ಒಂದು ರಾತ್ರಿ ಅಲ್ಲಿ ಕಳೆದು ಚೋಪ್ತಾಕ್ಕೆ ಬನ್ನಿ. ರಜೆ ಒಂದು ದಿನ ಜಾಸ್ತಿ ಬೇಕು, ನಿಜ. ಜಿಮ್ಮಿನಲ್ಲಿ ಕಳೆದ ಒಂದು ತಿಂಗಳಿಗಿಂತ ಆ ಒಂದು ದಿನ ಹೆಚ್ಚು ಕೆಲಸ ಮಾಡುತ್ತದೆ.

ಎತ್ತರದ ಕಾಯಿಲೆಯ ಲಕ್ಷಣಗಳು ತಲೆನೋವು, ವಾಕರಿಕೆ, ಸುಸ್ತು, ತಲೆಸುತ್ತು. ರಾತ್ರಿ ಎರಡಕ್ಕೆ ಎದ್ದಾಗ ಇವೆಲ್ಲ ನಿದ್ದೆಗೆಟ್ಟದ್ದರಿಂದ ಅಂತಲೇ ಅನ್ನಿಸುತ್ತದೆ, ಅಲ್ವಾ? ಅಪಾಯ ಇರುವುದೇ ಅಲ್ಲಿ. ಎದ್ದಾಗ ತಲೆನೋವಿದ್ದರೆ ಅದು ಎತ್ತರದ್ದೇ ಅಂತ ಅಂದುಕೊಳ್ಳಿ, ಗೈಡ್‌ಗೆ ಹೇಳಿ, ಮೇಲೆ ಹೋಗಬೇಡಿ. ಸುಮ್ನೆ ಕೂತಿದ್ದಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಮಾತು ತೊದಲಿದರೆ, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಯಲು ಆಗದಿದ್ದರೆ ಮಿದುಳು ಊದಿಕೊಳ್ಳುತ್ತಿರಬಹುದು. ಆಗ ಬೆಳಗಾಗಲಿ ಅಂತ ಕಾಯುವಂತಿಲ್ಲ, ಜೊತೆಗೊಬ್ಬರನ್ನು ಕಟ್ಟಿಕೊಂಡು ಕೂಡಲೇ ಕೆಳಗಿಳಿಯಬೇಕು.

ಎತ್ತರದ ಕಾಯಿಲೆ ತಡೆಯಲು ನುಂಗುವ ಡಯಾಮಾಕ್ಸ್ ಮಾತ್ರೆಯ ಬಗ್ಗೆಯೂ ಕೇಳುತ್ತಾರೆ. ಅದರಲ್ಲಿರುವ ಅಸೆಟಜೋಲಮೈಡ್ ಉಸಿರಾಟವನ್ನು ಹೆಚ್ಚಿಸಿ ದೇಹ ಬೇಗ ಹೊಂದಿಕೊಳ್ಳುವಂತೆ ಮಾಡುತ್ತದೆ. ಸಾಮಾನ್ಯವಾಗಿ ಏರುವ ಹಿಂದಿನ ದಿನವೇ ಶುರು ಮಾಡುತ್ತಾರೆ. ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು ಇದ್ದದ್ದೇ. ಸಲ್ಫಾ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ನಿಮಗೆ ಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಡಾಕ್ಟರ್ ಹೇಳಲಿ, ಟೆಂಟಿನ ಪಕ್ಕದವರು ಕೊಟ್ಟ ಮಾತ್ರೆ ನುಂಗಬೇಡಿ.

ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಬರುತ್ತದೆ ಅಂತ ನಂಬಿಸುವುದಿಲ್ಲ. ಎತ್ತರದಲ್ಲಿ ಮಲಗಿದಾಗ ಉಸಿರು ಕೆಲವು ಕ್ಷಣ ನಿಂತಂತಾಗಿ, ಮತ್ತೆ ದೊಡ್ಡದಾಗಿ ಎಳೆದುಕೊಂಡು ಎಚ್ಚರವಾಗುತ್ತದೆ. ಗಾಬರಿ ಬೇಡ, ಅದು ಸಾಮಾನ್ಯ. ನಿದ್ದೆ ಮಾತ್ರೆ, ಮದ್ಯ ಎರಡೂ ಬೇಡ, ಅವು ಉಸಿರಾಟವನ್ನು ಇನ್ನಷ್ಟು ಕುಗ್ಗಿಸುತ್ತವೆ. ಬೇಗ ಉಂಡು ಏಳೂವರೆಗೆಲ್ಲ ಸುಮ್ನೆ ಅಡ್ಡಾಗಿ. ಅದಕ್ಕೂ ಮೊದಲು ಬ್ಯಾಗ್ ಪೂರ್ತಿ ತಯಾರಾಗಿರಬೇಕು. ಯಾವ ಜೇಬಿನಲ್ಲಿ ಏನಿದೆ ಅಂತ ಕಣ್ಣು ಮುಚ್ಚಿದರೂ ಕೈಗೆ ಗೊತ್ತಿರಬೇಕು. ಬೆಳಿಗ್ಗೆ ಹಾಕುವ ಕಾಲುಚೀಲ, ಗವಸು, ಫೋನು, ಪವರ್ ಬ್ಯಾಂಕು, ಟಾರ್ಚಿನ ಸೆಲ್ ಎಲ್ಲ ನಿಮ್ಮ ಜೊತೆಗೇ ಸ್ಲೀಪಿಂಗ್ ಬ್ಯಾಗಿನೊಳಗೆ. ಚಳಿಗೆ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಮೇಲೆ ಹೋದಾಗ ಅರ್ಧಕ್ಕಿಂತ ಹೆಚ್ಚು ಚಾರ್ಜ್ ತೋರಿಸುತ್ತಿದ್ದ ಫೋನು ಫಕ್ಕನೆ ಆರಿಹೋಗಬಹುದು. ನಡೆಯುವಾಗಲೂ ಫೋನು ಒಳಜೇಬಿನಲ್ಲೇ ಇರಲಿ.

ಟಾರ್ಚ್ ತಲೆಗೆ ಕಟ್ಟುವಂಥದ್ದೇ ಬೇಕು. ಫೋನಿನ ಬೆಳಕು ನಂಬಿ ಹೋದರೆ ಒಂದು ಕೈ ಅದಕ್ಕೇ ಮೀಸಲು, ಕೋಲು ಹಿಡಿಯುವುದು ಹೇಗೆ? ನೀರಿನ ಬಾಟಲಿಯನ್ನು ಬ್ಯಾಗಿನೊಳಗೆ ತಲೆಕೆಳಗಾಗಿ ಇಡಿ. ನೀರು ಮೇಲ್ಭಾಗದಿಂದ ಹೆಪ್ಪುಗಟ್ಟುತ್ತದೆ, ಹಾಗಾಗಿ ಮುಚ್ಚಳದ ಕಡೆ ತೆರೆದಿರುತ್ತದೆ. ಪೈಪಿನಲ್ಲಿ ಕುಡಿಯುವ ಚೀಲ ಈ ಚಳಿಗೆ ಕೆಲಸಕ್ಕೆ ಬಾರದು, ಪೈಪೇ ಮೊದಲು ಕಟ್ಟಿಕೊಳ್ಳುತ್ತದೆ.

ಫಿಟ್‌ನೆಸ್ ಬೇಡವೇ ಬೇಡ ಅಂತಲ್ಲ. ಎರಡು ಮೂರು ತಿಂಗಳು ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಮೆಟ್ಟಿಲು ಹತ್ತಿ, ಅಷ್ಟೇ ಶ್ರದ್ಧೆಯಿಂದ ಇಳಿಯಿರಿ. ತೊಡೆ, ಮಂಡಿ ನೋಯುವುದು ಇಳಿಯುವಾಗಲೇ. ಪಕ್ಕದವರ ಜೊತೆ ಮಾತಾಡುತ್ತಾ ನಡೆಯುವಷ್ಟು ನಿಧಾನದ ವೇಗ ರೂಢಿಸಿಕೊಳ್ಳಿ. ಕೆಲವು ದಿನ ಬೆಳಗಾಗುವ ಮೊದಲು ಎದ್ದು, ಕತ್ತಲಲ್ಲೇ ನಡೆದು ನೋಡಿ. ಹೊತ್ತಲ್ಲದ ಹೊತ್ತಿನಲ್ಲಿ ನಿಮ್ಮ ಹೊಟ್ಟೆಗೆ ಏನು ಸೇರುತ್ತದೆ ಅನ್ನುವುದು ಗೊತ್ತಾಗುತ್ತದೆ.

ಸಮಯದ ಲೆಕ್ಕ ಹಿಂದಿನಿಂದ ಹಾಕಬೇಕು. ಕೇದಾರಕಂಠ, ಚಂದ್ರಶಿಲಾ ಇರುವ ಗಢವಾಲದ ಕಡೆ ಸೂರ್ಯೋದಯ ಮೇ ಮಧ್ಯದಲ್ಲಿ ಸುಮಾರು 5.20ಕ್ಕೆ, ಅಕ್ಟೋಬರ್ ಮಧ್ಯದಲ್ಲಿ 6.15ರ ಹೊತ್ತಿಗೆ, ಡಿಸೆಂಬರ್ ಕೊನೆಗೆ ಏಳು ದಾಟಿದ ಮೇಲೆ. ‘ಬೆಳಗಿನ ಜಾವ ಎರಡಕ್ಕೆ ಹೊರಡಿ’ ಅನ್ನುವ ಸಲಹೆ ಎಲ್ಲ ಕಾಲಕ್ಕೂ ಹೊಂದುವುದಿಲ್ಲ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಮೇಲಿದ್ದರೆ ಸಾಕು. ಒಂದೂವರೆ ಗಂಟೆ ಮೊದಲೇ ಮುಟ್ಟಿದರೆ ಹೆಪ್ಪುಗಟ್ಟುತ್ತೀರಿ, ಸೂರ್ಯ ಬರುವಷ್ಟರಲ್ಲಿ ‘ಇಳಿಯೋಣ ನಡೀರಿ’ ಅನ್ನುತ್ತೀರಿ. ತೀರ ತಡ ಮಾಡಿದರೆ ಒಳ್ಳೆಯ ಭಾಗವೇ ಕೈತಪ್ಪುತ್ತದೆ. ಚಂದ್ರಶಿಲಾದಲ್ಲಿ ನಿಂತರೆ ನಮ್ಮ ಕಾಲ ಬಳಿ ಬೆಳಕು ಬೀಳುವ ಮೊದಲೇ 7,138 ಮೀಟರಿನ ಚೌಖಂಬಾದ ತುದಿ ಕೆಂಪೇರುತ್ತದೆ. ಪೂರ್ವಕ್ಕೇ ನೆಟ್ಟ ಕಣ್ಣನ್ನು ಒಮ್ಮೆ ಪಶ್ಚಿಮಕ್ಕೂ ತಿರುಗಿಸಿ. ಬಾನಂಚಿನಲ್ಲಿ ನೀಲಿ ಪಟ್ಟಿಯೊಂದು ಇಳಿಯುತ್ತಿರುತ್ತದೆ, ಅದು ಭೂಮಿಯದೇ ನೆರಳು. ಮಳೆಗಾಲ ಮುಗಿದ ಅಕ್ಟೋಬರ್, ನವೆಂಬರ್‌ನಲ್ಲಿ ಆಕಾಶ ಅತಿ ಸ್ವಚ್ಛ. ಏಪ್ರಿಲ್, ಮೇ ತಿಂಗಳಲ್ಲಿ ಕಾಡ್ಗಿಚ್ಚಿನ ಹೊಗೆ ನೋಟ ಕೆಡಿಸಬಹುದು.

ಬಿಸಿಲು ಬಂದ ಕೂಡಲೇ ಕಪ್ಪು ಕನ್ನಡಕ ಹಾಕಿ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳನ್ನು ಶೇ 80ರವರೆಗೆ ಮೇಲಕ್ಕೆಸೆಯುತ್ತದೆ, ಬರಿಗಣ್ಣಲ್ಲಿದ್ದರೆ ಸಂಜೆಗೆ ಕಣ್ಣಲ್ಲಿ ಮರಳು ಬಿದ್ದಂಥ ಉರಿ. ಹಿಮದ ಮೇಲಿನ ಚಾರಣವಾದರೆ ಮೇಲೆ ಜಾಸ್ತಿ ಹೊತ್ತು ಕೂರಬೇಡಿ. ರಾತ್ರಿ ಗಟ್ಟಿಯಾಗಿದ್ದ ಹಿಮ ಬಿಸಿಲಿಗೆ ಸಡಿಲವಾಗಿ ಕಾಲು ಹೂತುಹೋಗುತ್ತದೆ. ನೆರಳಿರುವ ಕಡೆ ಮಂಜುಗಡ್ಡೆ ಹಾಗೇ ಉಳಿದು ಜಾರುತ್ತದೆ. ಹತ್ತುವಾಗ ಜಾರದಂತೆ ಬೂಟಿಗೆ ಕಟ್ಟಿದ ಮೈಕ್ರೊಸ್ಪೈಕ್ಸನ್ನು (ಲೋಹದ ಮುಳ್ಳುಗಳ ಪಟ್ಟಿ) ಇಳಿಯುವಾಗ ಬಿಚ್ಚುವ ಆತುರ ಬೇಡ.

ಕೊನೆಗೆ ಬರುವ ಇನ್ನೊಂದು ಪ್ರಶ್ನೆ: ‘ಅಪ್ಪ ಅಮ್ಮನನ್ನೂ ಕರ್ಕೊಂಡು ಹೋಗಬಹುದಾ?’ ಹೋಗಬಹುದು, ಜಾಗ ಬದಲಾಯಿಸಿ. ಡಾರ್ಜಿಲಿಂಗ್‌ನ ಟೈಗರ್ ಹಿಲ್ ಸುಮಾರು 2,590 ಮೀಟರ್, ಜೀಪಿನಲ್ಲೇ ಹೋಗಬಹುದು, ಮೋಡವಿಲ್ಲದಿದ್ದರೆ ಕಾಂಚನಜುಂಗಾ ಕೆಂಪಾಗುವುದು ಕಾಣುತ್ತದೆ. ತುಂಗನಾಥವೇ ಆಗಬೇಕು ಅಂದರೆ ದೇವಸ್ಥಾನ ತೆರೆದಿರುವ ಕಾಲದಲ್ಲಿ ಚೋಪ್ತಾದಿಂದ ಕುದುರೆ ಸಿಗುತ್ತದೆ. ಸೂರ್ಯೋದಯದ ಆಸೆ ಬಿಟ್ಟು, ಹಗಲು ಹೊತ್ತು ಏರಿದ ಮೇಲೆ ಅವರನ್ನು ದರ್ಶನಕ್ಕೆ ಕರೆದುಕೊಂಡು ಹೋಗಿ. ಹೃದಯ, ಶ್ವಾಸಕೋಶದ ತೊಂದರೆ ಇದ್ದವರಾದರೆ ಟಿಕೆಟ್ ಮಾಡಿಸುವ ಮೊದಲೇ ಡಾಕ್ಟರನ್ನು ಕೇಳಿ.